ರಾಕೆಟ್ಟಿಗೆ ಬಂದ ಬುತ್ತಿ

ನನ್ನ ಗಂಡ ಕಟ್ಟಿದ್ದು ರಾಕೆಟ್ಟನ್ನಲ್ಲ, ಅದು ಹಾರುವ ಮೊದಲು ನಿಂತುಕೊಳ್ಳುವ ಜಾಗವನ್ನು. ಇದನ್ನು ಹೊನ್ನಾಳಿಯಲ್ಲಿ ಯಾರಿಗೂ ಬಿಡಿಸಿ ಹೇಳಲು ನನ್ನಿಂದ ಆಗಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲವೆನ್ನಿ. ರಾಕೆಟ್ ಇಂಜಿನಿಯರ್ ಹೆಂಡತಿ ಎನ್ನಿಸಿಕೊಳ್ಳುವುದು ಕಾಂಕ್ರೀಟ್ ಇಂಜಿನಿಯರ್ ಹೆಂಡತಿ ಎನ್ನಿಸಿಕೊಳ್ಳುವುದಕ್ಕಿಂತ ಎಷ್ಟೋ ಗ್ರ್ಯಾಂಡ್ ಆಗಿತ್ತು.

ಎಪ್ಪತ್ತರ ದಶಕದಲ್ಲಿ ಮದುವೆಯಾಗಿ, ರಾಕೆಟ್ ಹಾರಿಸಲೆಂದು ಆರಿಸಿದ ಆ ದ್ವೀಪಕ್ಕೆ ಹೋದಾಗ ಅಲ್ಲಿ ಏನಿತ್ತು? ಪೂರ್ವದ ಕಡಲಿಗೂ ಉಪ್ಪುನೀರಿನ ಸರೋವರಕ್ಕೂ ನಡುವೆ ಮಲಗಿದ ಮರಳಿನ ಪಟ್ಟಿ, ಅದರ ಮೇಲೆ ಗಾಳಿಮರದ ತೋಪು, ಕಾಲಿಟ್ಟಲ್ಲಿ ಹಾವು. ಬಾವಿ ನೀರಿನಲ್ಲಿ ಕಾಫಿ ಮಾಡಿದರೆ ಹಾಲು ಒಡೆಯುತ್ತಿತ್ತು. ಸಿಹಿನೀರಿನ ಟ್ಯಾಂಕರ್ ಬಂದರೂ ಮೊದಲು ಅದು ಹೋಗುತ್ತಿದ್ದದ್ದು ಕಾಂಕ್ರೀಟ್ ಕಲಸುವಲ್ಲಿಗೆ. ಉಪ್ಪುನೀರು ಬಿದ್ದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಎಂದು ಇವರು ಹೇಳುತ್ತಿದ್ದರು. ಉಳಿದದ್ದು ನಮ್ಮ ಕ್ವಾರ್ಟರ್ಸಿಗೆ. ಹೊಸದಾಗಿ ಹಾಕಿದ ಕಾಂಕ್ರೀಟಿನ ಮೇಲೆ ಗೋಣಿಚೀಲ ಹೊದಿಸಿ, ಜ್ವರದ ಮಗುವಿಗೆ ಒದ್ದೆಬಟ್ಟೆ ಹಾಕಿದಂತೆ ನೀರು ಚಿಮುಕಿಸುತ್ತಿದ್ದರು. ನಾನು ಮುಖ ತೊಳೆಯಲು ಅರ್ಧ ತಂಬಿಗೆ ನೀರು ಹಿಡಿದು ಅದನ್ನು ನೋಡುತ್ತ ನಿಂತಿರುತ್ತಿದ್ದೆ.

ಮೊದಲ ದೊಡ್ಡ ರಾಕೆಟ್ ಹಾರುವ ದಿನ ನಾನು ದ್ವೀಪದಲ್ಲಿರಲಿಲ್ಲ. ಅತ್ತೆಯವರ ಕಣ್ಣಿನ ಆಪರೇಷನ್ ಆಗಿತ್ತೆಂದು ಹೊನ್ನಾಳಿಗೆ ಬಂದಿದ್ದೆ. ಗೊಬ್ಬರದಂಗಡಿ ಇಟ್ಟಿದ್ದ ನಮ್ಮ ಮಾವನವರು ಬೆಳಿಗ್ಗೆಯೇ ಬೂಂದಿ ಉಂಡೆ ಮಾಡಿಸಿ ಬಸ್‌ಸ್ಟ್ಯಾಂಡು, ಬ್ಯಾಂಕು, ಸ್ಕೂಲು ಎಲ್ಲ ಕಡೆ ಹಂಚಿಸಿಬಿಟ್ಟರು. ಸಂಜೆ ರೇಡಿಯೋ ವಾರ್ತೆ ಬಂತು. ರಾಕೆಟ್ ಮೇಲೇರಿ ಸ್ವಲ್ಪ ಹೊತ್ತಿಗೆ ಸಮುದ್ರಕ್ಕೆ ಬಿದ್ದಿತ್ತು. ಮಾವನವರು ರೇಡಿಯೋ ಆರಿಸಿ, ಅದರ ಮೇಲೆ ಹೊದಿಸುವ ಬಟ್ಟೆಯನ್ನು ಸರಿಯಾಗಿ ಎಳೆದು ಮುಚ್ಚಿದರು.

ಮರುದಿನ ಹಿಟ್ಟಿನ ಗಿರಣಿಯಲ್ಲಿ ನನಗೆ ಕೇಳಲೆಂದೇ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದಳು, "ಕೂಸು ಹುಟ್ಟಾಕೆ ಮುಂಚೆ ಕುಲಾವಿ ಹೊಲಿಸಿದ್ರು ನೋಡವ್ವ." ನಾನು ಹಿಟ್ಟಿಗೆ ಕಾಯದೆ ಮನೆಗೆ ಬಂದೆ.

ಬಂದರೆ ಜಗಲಿಯ ಮೇಲೆ ಮಾವನವರ ಅಕ್ಕ ಕೂತಿದ್ದರು. ಜಗಳೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಸೆರಗು ತಲೆ ತುಂಬ ಹೊದ್ದಿದ್ದರು, ಮಡಿಲಲ್ಲಿ ಬಿಳಿ ಬಟ್ಟೆಯ ಗಂಟಿತ್ತು. ನೋಡಿದೊಡನೆ ನನಗೆ ತಿಳಿಯಿತು, ಅದು ಬುತ್ತಿ. ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ರೊಟ್ಟಿ ಕಟ್ಟಿಕೊಂಡು ಬರುತ್ತಾರೆ.

ಯಾರೂ ಸತ್ತಿಲ್ಲವಲ್ಲ ಎಂದೆ. ಮೆಷೀನ್ ಅದು, ಫೇಲ್ ಆಗಿದೆ ಅಷ್ಟೇ ಎಂದೆ.

"ಅಷ್ಟು ವರ್ಷ ನೀರು ಹಾಕಿ ಸಾಕಿದ್ದಲ್ಲೇನವ್ವ? ಹೋದ ಮನೀಗೆ ಬರಿಗೈಲಿ ಬರಾಕೆ ಆಗ್ತೈತಾ?" ಎಂದರು. ಒಳಗೆ ಹೋಗಿ ಅತ್ತೆಯವರ ಕೈ ಹಿಡಿದು ಅಳಲು ಶುರು ಮಾಡಿದರು. ಅತ್ತೆಯವರ ಕಣ್ಣಿಗೆ ಪಟ್ಟಿ ಕಟ್ಟಿತ್ತು, ಅಳಲೇಬಾರದೆಂದು ಡಾಕ್ಟರು ಹೇಳಿದ್ದರು. "ನನ್ನದೂ ಸೇರಿಸಿ ನೀನೇ ಅತ್ತುಬಿಡಕ್ಕ," ಎಂದರು ಅವರು.

ಮಧ್ಯಾಹ್ನ ನ್ಯಾಮತಿಯ ನೆಂಟರೂ ಬಂದು ಗೋಡೆಗೊರಗಿ ಕೂತರು. ಚನ್ನಗಿರಿಯ ನನ್ನ ತವರಿನವರು ಬಾರದಿದ್ದರೆ ಸಾಕೆಂದು ನಾನು ಕಾನ್ವೆಂಟಿನ ಜೀಸಸ್ಸಿಗೂ ಮನೆದೇವರಿಗೂ ಬೇಡಿಕೊಂಡೆ. ಎಂಥ ಎಂಬರಾಸ್‌ಮೆಂಟ್! ಇವರು ಮೂರನೆಯ ದಿನ ಬರುವವರಿದ್ದರು. ಮೊದಲೇ ಮಾನಕ್ಕಂಜುವ ಮನುಷ್ಯ, ಸೂತಕದಂತಿರುವ ಈ ಮನೆ ನೋಡಿದರೆ ಕೆಲಸವನ್ನೇ ಬಿಟ್ಟುಬಿಡುತ್ತಾರೆ ಎಂದು ನನಗೆ ಭಯ. ಬರಲಿ, ಗೊಬ್ಬರದಂಗಡಿ ನೋಡಿಕೊಳ್ಳಲಿ ಎಂದು ಮಾವನವರು ಆಗಲೇ ಅನ್ನತೊಡಗಿದ್ದರು. ನಾನು ಗಂಟನ್ನು ಅಕ್ಕಿಡಬ್ಬಿಯ ಹಿಂದೆ ಬಚ್ಚಿಟ್ಟೆ.

ಇವರು ಬಂದಾಗ ಜಗಳೂರಿನ ಅತ್ತೆಯೇ ಎದ್ದು ಹೋಗಿ ಅದನ್ನು ಹುಡುಕಿ ತಂದರು. ಗರಿಗರಿಯಾಗಿ ಒಣಗಿಸಿದ ಖಟಕ್ ರೊಟ್ಟಿ, ಕೆಟ್ಟಿರಲಿಲ್ಲ. ಒಂದು ತುಂಡು ಮುರಿದು ಶೇಂಗಾಚಟ್ನಿ ಹಚ್ಚಿ ಇವರ ಬಾಯಿ ಹತ್ತಿರ ಹಿಡಿದರು. ಇವರು ಬಾಯಿ ತೆರೆಯಲಿಲ್ಲ.

"ಅತ್ತೆ, ನಾನು ಕಟ್ಟಿದ್ದು ನಿಂತೈತೆ," ಎಂದರು. ಆಮೇಲೆ ನೆಲ ನೋಡುತ್ತ ಹೇಳಿದರು. "ಅದು ಬಿತ್ತು ಅಂತ ಗೊತ್ತಾದ ಕೂಡಲೆ ನಾನು ನನ್ನ ಕಾಂಕ್ರೀಟ್ ನೋಡಾಕೆ ಹೋದೆ. ಒಂದು ಬಿರುಕೂ ಬಿಟ್ಟಿರಲಿಲ್ಲ. ಖುಷಿ ಆತು. ಅಲ್ಲೇ ಪಕ್ಕದಾಗೆ ರಾಕೆಟ್ ಮಾಡಿದ ಹುಡುಗರು ಅಳ್ತಿದ್ರು, ನನಗೆ ಖುಷಿ ಆತು. ಈಗ ಹೆಂಗೆ ಅವರ ಮುಖ ನೋಡಲಿ? ನಾನು ಅಲ್ಲಿಗೆ ಹೋಗಲ್ಲ."

ಊರಿನ ನಗೆಗೆ ಹೆದರಿ ಬಂದಿದ್ದಾರೆಂದು ನಾವೆಲ್ಲ ತಿಳಿದಿದ್ದೆವು.

ಜಗಳೂರಿನ ಅತ್ತೆ ಮುರಿದ ತುಂಡನ್ನು ತಾವೇ ತಿಂದು ಉಳಿದದ್ದನ್ನು ಮತ್ತೆ ಗಂಟು ಕಟ್ಟಿದರು. "ಹಂಗಾದ್ರೆ ಇದು ನಿಂದಲ್ಲ ಬಿಡಪ್ಪ. ಯಾರ ಮನ್ಯಾಗೆ ಹೋಗೈತೋ ಅವರಿಗೆ ಮುಟ್ಟಿಸು. ಬುತ್ತಿ ವಾಪಸ್ ಒಯ್ಯೋ ಪದ್ಧತಿ ನಮ್ಮಾಗಿಲ್ಲ."

ಅದನ್ನು ಮುಟ್ಟಿಸಲೆಂದೇ ಇವರು ಮತ್ತೆ ಹೊರಟರು. ನಾನೂ ಜೊತೆಗೆ ಹೋದೆ. ಮದ್ರಾಸಿನ ರೈಲಿನಲ್ಲಿ ಎದುರು ಸೀಟಿನ ಫ್ಯಾಮಿಲಿ ಇಂಗ್ಲಿಷ್ ಮಾತಾಡುತ್ತಿತ್ತು, ನಾನು ಗಂಟನ್ನು ಕಾಲಿನಿಂದ ಸೀಟಿನಡಿಗೆ ತಳ್ಳಿದೆ. ಇವರು ಬಗ್ಗಿ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು.

ದ್ವೀಪದಲ್ಲಿ ನಮ್ಮ ಹಿಂದಿನ ಸಾಲಿನ ಕ್ವಾರ್ಟರ್ಸಿನಲ್ಲಿ ಒಬ್ಬ ತರುಣ ಇಂಜಿನಿಯರ್ ಇದ್ದ, ರಾಕೆಟ್ ಮಾಡಿದವರಲ್ಲಿ ಒಬ್ಬ. ಹೆಂಡತಿ ಬಾಗಿಲು ತೆರೆದಳು. ಊಟದ ಹೊತ್ತಾಗಿತ್ತು, ಆದರೆ ಒಳಗೆ ಸ್ಟೌ ಹಚ್ಚಿದ ವಾಸನೆಯೇ ಇರಲಿಲ್ಲ. ಇವರು ಗಂಟನ್ನು ಟೇಬಲ್ ಮೇಲಿಟ್ಟು ನಿಂತುಬಿಟ್ಟರು. ಇದೇನೆಂದು ಆ ಹುಡುಗ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದ.

ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಂಡೋಲೆನ್ಸ್ ಲೆಟರ್ ಬರೆಯುವುದನ್ನು ಕಲಿಸಿದ್ದರು. ನನ್ನ ಲೆಟರನ್ನೇ ಕ್ಲಾಸಿಗೆ ಓದಿ ಹೇಳಿದ್ದರು. ಆ ಮನೆಯಲ್ಲಿ ನನ್ನ ಬಾಯಿಂದ ಬಂದದ್ದು, "ಓ, ಜಸ್ಟ್ ಸಮ್ ಸ್ನ್ಯಾಕ್ಸ್ ಫ್ರಮ್ ಹೋಮ್."

ಇವರು ನನ್ನ ಮುಖ ನೋಡಿದರು. ಆಮೇಲೆ ತಮ್ಮ ಹರುಕುಮುರುಕು ಇಂಗ್ಲಿಷಿನಲ್ಲಿ, ನಿಧಾನವಾಗಿ, ನಮ್ಮ ಜನ ಇದನ್ನು ಯಾರ ಮನೆಗೆ, ಯಾವಾಗ ತರುತ್ತಾರೆಂದು ಅವನಿಗೆ ಹೇಳಿದರು. ಹುಡುಗ ಕೇಳಿಸಿಕೊಂಡ. ಕುರ್ಚಿ ಎಳೆದು ಕೂತ. ಅವನ ಹೆಂಡತಿ ನಾಲ್ಕು ತಟ್ಟೆ ತಂದಿಟ್ಟಳು. ರೊಟ್ಟಿ ಮುರಿಯುವ ಸದ್ದೊಂದೇ. ನನ್ನ ತಟ್ಟೆಯ ರೊಟ್ಟಿಯನ್ನು ಮುಟ್ಟಲು ನನ್ನಿಂದ ಆಗಲಿಲ್ಲ.