ಚೀಲ ಇಳಿಸಲು ಹೇಳಿದ ಖಾಜಾಸಾಬ

ಖಾಜಾಸಾಬ ಮನುಷ್ಯರ ಮುಖ ನೋಡುತ್ತಿರಲಿಲ್ಲ, ತೂಕ ನೋಡುತ್ತಿದ್ದ. ಗಾಂಧಿ ಗಂಜ್ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ತೊಗರಿ ತೂಗಿದವನು. ಯಾರೇ ಎದುರು ಬರಲಿ, ಒಂದು ಕಣ್ಣು ಸಣ್ಣ ಮಾಡಿ ಇಷ್ಟು ಕಿಲೋ ಎಂದುಬಿಡುವನು. ತೂಕದ ಕಾಟಾದ ಮೇಲೆ ನಿಲ್ಲಿಸಿ ನೋಡಿದರೆ ಒಂದು ಕಿಲೋ ಕೂಡ ಆಚೀಚೆ ಆಗುತ್ತಿರಲಿಲ್ಲ.

ನಾನು ಅದೇ ಅಂಗಡಿಯಲ್ಲಿ ಕಾಳು ಹಸನು ಮಾಡುವವಳು. ಕುಳಿತು ಕುಳಿತು ಮೈ ಬಂತು, ಮೊಣಕಾಲು ಹೋದವು. ಮಗಳು ಮೊದಲ ಹೆರಿಗೆಗೆ ಬಂದಾಗ ಕೂಸಿಗೆ ನೀರು ಹಾಕಲು ನನ್ನಿಂದ ಆಗಲಿಲ್ಲ. ನೆಲಕ್ಕೆ ಕೂತು ಕಾಲು ಚಾಚಿದರೆ ತಾನೇ ಕೂಸನ್ನು ಕಾಲ ಮೇಲೆ ಮಲಗಿಸುವುದು? ನನ್ನದೇ ಮನೆಯಲ್ಲಿ, ನನ್ನ ಮೊಮ್ಮಗಳಿಗೆ, ನೆರೆಮನೆಯವಳು ನೀರು ಹಾಕಿದಳು. ನಾನು ಕುರ್ಚಿಯ ಮೇಲೆ ಕೂತು ನೋಡಿದೆ. ಆ ಸಿಟ್ಟು ಇನ್ನೂ ಆರಿಲ್ಲ.

ಮಗಳು ಮತ್ತೆ ಬಸುರಿ ಎಂದು ಅಂಗಡಿಯಲ್ಲಿ ಪೇಡೆ ಹಂಚಿದ ದಿನ ಖಾಜಾಸಾಬ ಕೇಳಿದ, “ಅಕ್ಕಾ, ಈ ಸಲ ನೀರು ಯಾರ್ ಹಾಕ್ತಾರ್ರಿ?”

ಅವನು ಕಾಟಾ ತೋರಿಸಿದ. “ಹತ್ರಿ.”

ಎಂಬತ್ತಾರು. ಹಮಾಲರೆಲ್ಲ ನಕ್ಕರು.

“ನಿನ್ನ ಕಾಟಾಕ್ಕ ಬೆಂಕಿ ಹತ್ಲಿ! ನಾ ಏನ್ ತೊಗರಿ ಚೀಲೇನೋ?”

“ಹಮಾಲ ಚೀಲ ಹೊತ್ತು ಲಾರಿ ತನಕ ಹೋಗ್ತಾನ, ಇಳಸ್ತಾನ. ನೀವು ಇಳಸೋದೇ ಇಲ್ಲಲ್ರಿ ಅಕ್ಕಾ. ಮೊಣಕಾಲು ಏನ್ ತಪ್ಪು ಮಾಡ್ಯಾವ?”

ದವಾಖಾನೆಯ ಡಾಕ್ಟರೂ ಹೇಳಿದ್ದರು: ಸ್ವಲ್ಪ ತೂಕ ಇಳಿದರೂ ಮೊಣಕಾಲಿಗೆ ಹಗುರ, ಬಿಪಿ, ಸಕ್ಕರೆ ಹಿಡಿತಕ್ಕೆ ಬರುತ್ತವೆ. ಅವರ ಮಾತು ಚೀಟಿಯಲ್ಲೇ ಉಳಿದಿತ್ತು. ಇವನದು ಚುಚ್ಚಿತು.

ಗಂಜಿನ ಸಿಹಿ ಚಹಾ ಬಿಟ್ಟೆ. ಮೂರು ರೊಟ್ಟಿ ಎರಡಾದವು, ಪಲ್ಯ ಹೆಚ್ಚಾಯಿತು. ಆಟೋ ಬಿಟ್ಟು, ಸಿಕ್ಕ ಕಟ್ಟೆಗೆಲ್ಲ ಕೂತು ಕೂತು ನಡೆದೇ ಮನೆ ಸೇರಿದೆ. ಪ್ರತಿ ಸೋಮವಾರ ಕಾಟಾ ಹತ್ತುವುದು. ಇಳಿದಿದ್ದರೆ “ಪಾವು ಕಿಲೋ! ಶಾಬಾಸ್!” ಎಂದು ಇಡೀ ಗಂಜಿಗೆ ಕೇಳುವಂತೆ ಕೂಗುವನು. ಏರಿದ್ದರೆ ನನ್ನ ಕಿವಿಗಷ್ಟೇ, “ನಕ್ಕೋ ಅಕ್ಕಾ, ಹಿಂಗ್ ಮಾಡಬ್ಯಾಡ್ರಿ.”

ಭಾಲ್ಕಿಯ ಮದುವೆಯಲ್ಲಿ ನಾದಿನಿ ಎಲ್ಲರೆದುರು ಕೇಳಿದಳು, “ಯಾವ ಬ್ಯಾನಿ ಬಂತು ವೈನಿ? ಮನ್ಯಾಗ ಕೂಳ ಹಾಕಲ್ಲೇನು?” ಕೇಳುತ್ತಲೇ ತಟ್ಟೆಗೆ ಎರಡು ಹೋಳಿಗೆ ಬಡಿದಳು. ನಾನು ಕೂತಲ್ಲಿಂದ ಏಳಲಾರದೆ ಒದ್ದಾಡುವಾಗ ಒಬ್ಬಳಿಗೂ ಬ್ಯಾನಿ ಕಾಣಲಿಲ್ಲ. ಉಂಡುಟ್ಟ ಮೈ ಎಂದು ಹೊಗಳಿದರು. ಹಗುರಾದ ಕೂಡಲೇ ಎಲ್ಲರಿಗೂ ನನ್ನ ಚಿಂತೆ! ಹೋಳಿಗೆ ಅವಳ ತಟ್ಟೆಗೇ ತಿರುಗಿಸಿ ಹಾಕಿದೆ.

ಹೆರಿಗೆಯ ಹೊತ್ತಿಗೆ ಒಂಬತ್ತು ಕಿಲೋ ಇಳಿದಿತ್ತು. ಕಡ್ಡಿಯೇನೂ ಆಗಲಿಲ್ಲ, ದುಂಡಗೇ ಇದ್ದೆ. ಆದರೆ ಔರಾದದಲ್ಲಿ ಮಗಳ ಮನೆಯ ಬಚ್ಚಲಲ್ಲಿ ನೆಲಕ್ಕೆ ಕೂತು, ಕಾಲು ಚಾಚಿ, ಎರಡನೇ ಮೊಮ್ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದೆ. ಮೂರು ತಿಂಗಳು, ದಿನಾ, ನಾನೇ.

ತಿರುಗಿ ಗಂಜಿಗೆ ಬಂದಾಗ ಕಾಟಾದ ಹತ್ತಿರ ಬೇರೆಯವನಿದ್ದ. ಖಾಜಾಸಾಬ ಎದೆನೋವು ಬಂದು ಎರಡೇ ದಿನಕ್ಕೆ ತೀರಿಹೋದನಂತೆ. ನನಗೊಂದು ಫೋನ್ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನನ್ನ ಜೊತೆ ಕಾಳು ಹಸನು ಮಾಡುವ ಕಲಾವತಿ ಅಂದಳು, “ಅಂಥ ಒಣಕಲು ಮನುಷ್ಯಾನೇ ಹೋದ. ನೀ ಬಾಯಿ ಕಟ್ಟಿ ಏನ್ ಗಳಿಸ್ದಿ?”

“ಸಾಯಲ್ಲ ಅಂತ ಅವ ಎಂದೂ ಅಂದಿಲ್ಲ. ನನ್ನ ಕೂಸಿಗೆ ನಾನೇ ನೀರ್ ಹಾಕೀನಿ. ಇನ್ನೇನ್ ಗಳಿಸ್ಬೇಕಿತ್ತೇ?”

ಖಾಜಾಸಾಬನಿಗೂ ಎರಡು ಮಾತು ಬೈಯುವುದಿತ್ತು. ವಾರ ವಾರ ಕಾಟಾ ಹತ್ತಿಸಿದವನು, ನೀರು ಹಾಕಿ ಬಂದೆ ಎಂಬ ಮಾತು ಕೇಳುವ ತನಕವಾದರೂ ಇರಬಾರದಿತ್ತೇ?