ಗೊಲ್‌ನೆಸಾರ ದಾಳಿಂಬೆ ಗಾಡಿ

ಇರಾನಿನ ಸಾವೆ ಪಟ್ಟಣದ ಬಸ್ ನಿಲ್ದಾಣದೆದುರು ಇನ್ನೂ ಮಬ್ಬುಗತ್ತಲು. ಗೊಲ್‌ನೆಸಾ ದಾಳಿಂಬೆಯ ಹೋಳನ್ನು ರಸ ಹಿಂಡುವ ಯಂತ್ರಕ್ಕಿಟ್ಟು, ಹಿಡಿಯ ಮೇಲೆ ಮೈಭಾರ ಹಾಕುತ್ತಾರೆ. ರಸ ಲೋಟಕ್ಕಿಳಿಯುತ್ತದೆ; ಅವರ ಕಣ್ಣು ಮಾತ್ರ ಬೀದಿಯ ತಿರುವಿನಲ್ಲಿ. ದಿನದ ಮೊದಲ ಗಿರಾಕಿ, ನಿವೃತ್ತ ಬಸ್ ಚಾಲಕ ಯದುಲ್ಲಾ, ಇನ್ನೂ ಬಂದಿಲ್ಲ.

ಗಂಡ ತೀರಿಕೊಂಡ ಮೇಲೆ ಈ ತಳ್ಳುಗಾಡಿಯೇ ಅವರಿಗೆ ಆಧಾರ. ಚಳಿಗೆ ಬೆರಳು ಬಿರಿಯುತ್ತವೆ. ಬಿರುಕಿಗೆ ರಸ ಇಳಿದು ಚುರುಗುಟ್ಟುತ್ತದೆ. ದಿನಕ್ಕೆ ನಾಲ್ಕು ಪೆಟ್ಟಿಗೆ ಹಣ್ಣು ಖಾಲಿ. "ರಕ್ತಕ್ಕೆ ಒಳ್ಳೇದು, ಎದೆಗೆ ಬಲ, ಬಸುರಿಗೂ ಹಿತ!" ಅಜ್ಜಿ ಹೇಳಿಕೊಟ್ಟಂತೆಯೇ ಕೂಗುತ್ತಾರೆ. ಇಂದು ಕೂಗುವುದನ್ನೂ ಮರೆತು ತಿರುವನ್ನೇ ನೋಡುತ್ತಾರೆ.

ನಿನ್ನೆ ಯದುಲ್ಲಾ ಲೋಟ ಬರಿದು ಮಾಡಿ ಮೀಸೆ ಒರೆಸಿಕೊಂಡಿದ್ದರು. "ನಿನ್ ರಸ ಇರೋವಾಗ ಬೀಪಿ ಮಾತ್ರೆ ಯಾಕೆ ತಂಗೀ? ಬಿಟ್ಟೇಬಿಟ್ಟೆ."

"ಅಯ್ಯೋ, ಹಾಗ್ಮಾಡ್ಬೇಡಿ ಅಣ್ಣಾ! ಇದು ಹಣ್ಣು, ಔಷಧಿ ಅಲ್ಲ!"

"ಮಾರೋಳೇ ಹೀಗಂದ್ರೆ ಹೆಂಗಮ್ಮಾ?" ಎಂದು ನಕ್ಕು ಹೋಗಿದ್ದರು.

ಬಿಸಿಲೇರುತ್ತದೆ. ಯದುಲ್ಲಾರ ಸುಳಿವಿಲ್ಲ. ಗೊಲ್‌ನೆಸಾ ಗಾಡಿಯನ್ನು ಪಕ್ಕದ ರೊಟ್ಟಿಯಂಗಡಿಯವನಿಗೆ ಒಪ್ಪಿಸಿ ಅವರ ಮನೆಗೆ ಓಡುತ್ತಾರೆ. ಕೈಯೆಲ್ಲ ಕೆಂಪು, ದಾರಿಹೋಕರು ಬೆಚ್ಚಿ ಪಕ್ಕಕ್ಕೆ ಸರಿಯುತ್ತಾರೆ. ಯದುಲ್ಲಾರ ಹೆಂಡತಿ ಮಗಳ ಮನೆಗೆ ಹೋಗಿದ್ದಾರೆ, ಮನೆಯಲ್ಲಿ ಅವರೊಬ್ಬರೇ. ಬಾಗಿಲು ತಟ್ಟಿದರೆ ಉತ್ತರವಿಲ್ಲ. ಕಿವಿಗೊಟ್ಟರೆ ಒಳಗಿಂದ ನರಳಾಟ.

"ಸಿದ್ದೀಖಾ, ಬಾರೇ! ಬಾಗಿಲು ಒಡೀಬೇಕು!"

ಪಕ್ಕದ ಮನೆಯ ಸಿದ್ದೀಖಾ ಗಂಡನನ್ನು ಕರೆತರುತ್ತಾಳೆ. ಚಿಲಕ ಕಿತ್ತು ಬರುತ್ತದೆ. ಯದುಲ್ಲಾ ಜಮಖಾನದ ಮೇಲೆ ಬಿದ್ದಿದ್ದಾರೆ. ಬಾಯಿ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ. ಆಂಬುಲೆನ್ಸ್ ಬರುವವರೆಗೂ ಗೊಲ್‌ನೆಸಾ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಾನೇ ಕೊಂದ್ನೇನೋ ದೇವರೇ" ಎಂದು ಹಲುಬುತ್ತಾರೆ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ವೈದ್ಯೆ ಹೊರಬಂದು ಹೇಳುತ್ತಾರೆ: "ಬೇಗ ತಂದ್ರಿ, ಉಳ್ಕೊಂಡ್ರು. ಬಲಗೈ ಮುಂದೆ ಹೇಗೋ ನೋಡ್ಬೇಕು. ದಾಳಿಂಬೆ ತಿನ್ಲಿ, ಒಳ್ಳೇದೇ. ಮಾತ್ರೆ ಮಾತ್ರ ಬಿಡ್ಬಾರ್ದಿತ್ತು."

ಗೊಲ್‌ನೆಸಾ ಗೋಡೆಗೊರಗಿ ಕೂರುತ್ತಾರೆ. "ನಾಳೆ ಗಾಡಿ ಹಾಕ್ತೀಯಾ ಅಕ್ಕಾ?" ಜೊತೆಗೆ ಬಂದಿದ್ದ ಸಿದ್ದೀಖಾ ಮೆಲ್ಲಗೆ ಕೇಳುತ್ತಾಳೆ.

"ಹಾಕ್ದೆ ಹೊಟ್ಟೆಗೇನ್ ಮಾಡ್ಲಿ? ಆದ್ರೆ ಭಯ ಆಗ್ತದೆ ಕಣೇ. ಬಾಯಾರ್ದೋರು ಬರ್ಲಿ, ಚಪ್ಪರಿಸ್ಕೊಂಡು ಕುಡೀಲಿ. ಆಯಸ್ಸು ಕೊಡು ಅಂತ ಮಾತ್ರ ಯಾರೂ ನನ್ಮುಂದೆ ಕೈಚಾಚ್ದೆ ಇದ್ರೆ ಸಾಕು."