ಎಲೀಶಪ್ಪನ ಚಿಲಕ

ಇಳಕಲ್ಲಿನ ನಮ್ಮ ಸಣ್ಣ ಚರ್ಚಿನ ಬಾಗಲಾ ಕಾಯಾಂವ ನೇಕಾರ ಎಲೀಶಪ್ಪ. ರವಿವಾರ ಗಂಟಿ ನಿಂತ ಕೂಡ್ಲೆ ಚಿಲಕಾ ಹಾಕಿಬಿಡತಿದ್ದ. ತಡಾ ಮಾಡಿದವರು ಹೊರಗ ಚಪ್ಪಲಿ ಮಗ್ಗಲಕ್ಕ ಕುಂದ್ರಬೇಕು, ಅವರಿಗಿ ಪ್ರಭುಭೋಜನದ ರೊಟ್ಟಿನೂ ಇಲ್ಲ. "ಯೇಸುಸ್ವಾಮಿ ತಡಾ ಮಾಡಿ ಬಂದ್ರೂ ಈ ಮನಶಾ ಹೊರಗ ಕುಂದ್ರಸ್ತಾನ" ಅಂತ ಹೆಂಡತಿ ಮಾರ್ತವ್ವ ನಗತಿದ್ಲು.

ಹೋದ ಈಸ್ಟರಿಗೆ, ಯಾವಾಗಲೂ ತಡಾ ಮಾಡೂ ಒಂದು ಮನಿಯವರನ್ನ ಎಬ್ಬಸಾಕ ತಾನ ಹೋದ. ಬಾಗಲದಾಗ ನಿಂತು ಬೈದದ್ದ ಬೈದದ್ದು. ಅವರು ಹೆದರಿ ಓಡಿ ಚರ್ಚ್ ಸೇರಿದ್ರು. ಹಿಂದ ಓಡೂವಾಗ ಇವನ ಚಪ್ಪಲಿ ಉಂಗುಟ ಹರೀತು, ಅಷ್ಟರಾಗ ಗಂಟಿ ನಿಂತಹೋತು.

ಬಾಗಲಾ ತೆರದ ಇತ್ತು. ಆದ್ರ ಎಲೀಶಪ್ಪ ಒಳಗ ಹೋಗಲಿಲ್ಲ. ಹರದ ಚಪ್ಪಲಿ ಹಿಡಕೊಂಡು ಹೊರಗ ಕುಂತಬಿಟ್ಟ.

ರೊಟ್ಟಿ ಇಟ್ಟ ತಾಟು ಹಿಡಕೊಂಡು ಪಾದ್ರಿ ಅವನ ಕಡೆ ಬಂದ್ರು.

"ಇದರಾಗ ನನಗ ಹಕ್ಕಿಲ್ರಿ ಅಯ್ಯಾರ, ತಡಾ ಮಾಡೀನಿ."

"ಹಕ್ಕು ಒಳಗ ಕುಂತವರಿಗೂ ಇಲ್ಲ ಎಲೀಶಪ್ಪ. ಕೊಟ್ಟಾಗ ಕೈ ಒಡ್ಡೂದಷ್ಟ."

ಕೈ ಒಡ್ಡಿದ.

ಈಗ ಗಂಟಿ ನಿಂತ ಮ್ಯಾಲೂ ಮಂದಿ ಓಡಿ ಬರತಾರ. ಎಲೀಶಪ್ಪ ಚಿಲಕದ ಜೋಡಿ ಗುದ್ದಾಡತಿರತಾನ. "ಏನ್ ಮಾಡ್ಲಿ, ತುಕ್ಕ ಹಿಡದು ಬಿಗಿಯಾಗೇತಿ" ಅಂತ ಗೊಣಗತಾನ. ಕಡೀ ಮುದುಕಿ ಒಳಗ ಬಂದ ಮ್ಯಾಲ ಅದು ಸರಕ್ಕನ ಬೀಳತೈತಿ.

ಮಾರ್ತವ್ವ ಇನ್ನೂ ನಗತಾಳ. ಶನಿವಾರ ಸಂಜಿಕ ಹೋಗಿ ಆ ಚಿಲಕಕ್ಕ ಮಗ್ಗದ ಎಣ್ಣಿ ಬಿಟ್ಟು ಬರಾಂವ ತನ್ನ ಗಂಡನ ಅಂತ ಆಕಿಗಿ ಗೊತ್ತೈತಿ.